ಕಾರ್ಬನ್ ಸೈಕಲ್ಲಿನ ‘ಟಿಕ್’

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ, ಏಳನೇ ತರಗತಿಯ ನಡುಮಧ್ಯದಲ್ಲಿ. ಕಾರಣ ಒಂದು ಬೆಂಚು. ಬಡತನವೆಂದು ಹೇಳಿದ್ದರೆ ನಿಮ್ಮ ಸಹಾನುಭೂತಿ ಸಿಗುತ್ತಿತ್ತು, ವೈರಾಗ್ಯವೆಂದಿದ್ದರೆ ಗೌರವ. ಆದರೆ ನಡೆದದ್ದಿಷ್ಟೆ: ನಾನು ಕೂರುತ್ತಿದ್ದ ಬೆಂಚು ಯಾರು ಮಿಸುಕಿದರೂ ‘ಕಿರ್ರ್’ ಎನ್ನುತ್ತಿತ್ತು, ಆ ನಾದದ ಮೂಲ ಯಾವುದೆಂಬ ಜಿಜ್ಞಾಸೆಯಲ್ಲಿ ನಾನು ಗಣಿತದ ಪಿರಿಯಡ್ಡಿನಲ್ಲಿ ಅದರಡಿಗೆ ನುಸುಳಿ, ಸಡಿಲಗೊಂಡಿದ್ದ ಮೊಳೆಯ ಸುತ್ತ ಹಳೆಯ ಟ್ಯೂಬಿನ ಚೂರೊಂದನ್ನು ತುರುಕಿ ವಿಜಯೋತ್ಸಾಹದಿಂದ ಹೊರಬಂದಾಗ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. “ನೀನು ಸೈಕಲ್ ಶಾಪಿಗೇ ಲಾಯಕ್ಕು ಕಣೋ” ಎಂದರು. ಅದನ್ನು ನಾನು ಮನೆಯಲ್ಲಿ ಹಾಗೇ ಒಪ್ಪಿಸಿದೆ. ಮುಳಬಾಗಿಲಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದ ನಮ್ಮ ಚಿಕ್ಕಪ್ಪ ಅಂದು ಊಟಕ್ಕೆ ಬಂದಿದ್ದ. ವ್ಯಂಗ್ಯವೆಂಬ ಅಲಂಕಾರವನ್ನೇ ಅರಿಯದ ಆ ಸರಳ ಜೀವಿ ಮೇಷ್ಟ್ರ ಬೈಗುಳವನ್ನು ಶಿಫಾರಸೆಂದು ಭಾವಿಸಿ, ಮರುದಿನವೇ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದ.

ಆಮೇಲೆ ಆ ಬೆಂಚು ಸದ್ದು ಮಾಡಲಿಲ್ಲವೆಂದು ಕೇಳಿದ್ದೇನೆ. ಅಂದಿನಿಂದ ನನ್ನ ವಿದ್ಯಾಭ್ಯಾಸವೆಲ್ಲ ಕಿವಿಯ ಮೂಲಕ ನಡೆಯಿತು. ಅಲ್ಲಲ್ಲಿ ಇಣುಕುವ ನನ್ನ ಸಂಸ್ಕೃತ ಪದಗಳು ನಿಮಗೆ ಅಚ್ಚರಿ ತಂದರೆ, ಅವು ಬೇರಿಂಗುಗಳನ್ನು ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳ ಪ್ರಸಾದ ಎಂದು ತಿಳಿಯಿರಿ. ಸಂಪಾದಕೀಯದ ಅರ್ಧವನ್ನು ಗ್ರೀಸು ನುಂಗಿರುತ್ತಿದ್ದುದರಿಂದ ಲೋಕದ ಸಮಸ್ಯೆಗಳಲ್ಲಿ ಅರ್ಧ ಮಾತ್ರ ನನಗೆ ಗೊತ್ತು; ಗೊತ್ತಿರುವ ಅರ್ಧವಂತೂ ಬಹಳ ಗಂಭೀರವಾದದ್ದು. ಆದರೆ ಸದ್ದಿನ ವಿಷಯದಲ್ಲಿ ನಾನು ಯಾವ ಪಂಡಿತನಿಗೂ ತಲೆಬಾಗುವವನಲ್ಲ. ಸೈಕಲ್ಲು ಅಂಗಡಿಯ ಮುಂದಿನಿಂದ ಹಾದು ಹೋಗಲಿ, ಚೈನು ಒಣಗಿದೆಯೋ, ಹಿಂದಿನ ಗಾಲಿಯ ಕಡ್ಡಿ ಸಡಿಲವೋ, ಮಡ್‌ಗಾರ್ಡಿನ ನಟ್ಟು ಬಿದ್ದುಹೋಗಿದೆಯೋ ಎಂದು ತಲೆಯೆತ್ತದೆ ಹೇಳಬಲ್ಲೆ. ನಿಮ್ಮ ಮನೆಯ ಗೇಟಿನ ಸದ್ದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಿಮ್ಮ ನೆರೆಯವರು ಖಂಡಿತ ಗಮನಿಸಿದ್ದಾರೆ. ಸಡಿಲಗೊಂಡ ವಸ್ತುವಿನ ಸ್ವಭಾವವೇ ಹಾಗೆ, ತನ್ನ ಸದ್ದು ತನಗೊಂದಕ್ಕೆ ಬಿಟ್ಟು ಊರಿಗೆಲ್ಲ ಕೇಳಿಸುತ್ತದೆ. ಇದು ಮನುಷ್ಯನಿಗೂ ಅನ್ವಯಿಸುತ್ತದೆಂದು ನನಗೆ ಹೊಳೆಯಲು ಮೂವತ್ತು ವರ್ಷವೂ ಒಂದು ಕಾರ್ಬನ್ ಸೈಕಲ್ಲೂ ಬೇಕಾದವು.

ಚಿಕ್ಕಪ್ಪನ ಅಂಗಡಿ ಪಂಕ್ಚರ್ ಅಂಗಡಿಯಲ್ಲ, ಬೆಸುಗೆಯ ಅಂಗಡಿ. ಮುರಿದ ಫ್ರೇಮಿನ ಕೀಲನ್ನು ಕೆಂಪಗೆ ಕಾಯಿಸಿ, ಅದರೊಳಗೆ ಹಿತ್ತಾಳೆಯನ್ನು ಕರಗಿಸಿ ಹರಿಸುವ ವಿದ್ಯೆ ಅವನದು. ಅಲ್ಲಿ ಒಂದು ನಿಯಮವಿತ್ತು. ಬಿಚ್ಚಿದ ಕೀಲನ್ನು ಮತ್ತೆ ಮುಚ್ಚುವ ಮೊದಲು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಅದರೊಳಗೆ ಇಡಬೇಕು. ಕುಂಕುಮವಿಲ್ಲದ ಕೀಲು ಸವಾರನನ್ನು ಬೀಳಿಸುತ್ತದೆಂದು ಅವನ ನಂಬಿಕೆ. ನಾನು ಒಂದು ಸಲವೂ ತಪ್ಪಿಸಲಿಲ್ಲ, ನನ್ನ ಕೀಲು ಒಂದೂ ಬಿಟ್ಟುಕೊಳ್ಳಲಿಲ್ಲ. ಇವೆರಡಕ್ಕೂ ಸಂಬಂಧವಿದೆಯೆಂದು ಭಾವಿಸಿದ್ದೆ.

ಆ ಅಂಗಡಿಗೆ ನನ್ನ ಹಿಂದೆಯೇ ಸೇರಿದವನು ಚಲಪತಿ. ಗೌನಿಪಲ್ಲಿಯವನು, ನನ್ನ ವಯಸ್ಸಿನವನೇ, ಅರ್ಧ ತೆಲುಗು ಅರ್ಧ ಕನ್ನಡ, ಉಳಿದದ್ದೆಲ್ಲ ನಗು. ಬೆಂಕಿ ಕಂಡರೆ ಅವನಿಗೆ ಆಗದು. ಗ್ಯಾಸಿನ ಜ್ವಾಲೆ ‘ಭಪ್’ ಎಂದರೆ ಬಾಗಿಲಾಚೆಗಿರುತ್ತಿದ್ದ. ಒಂದು ಮಧ್ಯಾಹ್ನ ಹಾಗೆ ಹೊರಹೋದವನು ಒಳಬರಲೇ ಇಲ್ಲ. ಹೋದವನು ಎಲ್ಲೋ ಫೈಬರ್ ಕೆಲಸ ಕಲಿತು, ತೊಂಬತ್ತರ ದಶಕದಲ್ಲಿ ಶ್ರೀನಿವಾಸಪುರದಲ್ಲಿ ಶೆಡ್ಡು ಹಾಕಿದ. ಗಾಜಿನ ನಾರಿನ ಬಟ್ಟೆಗೆ ಅಂಟುದ್ರವ ಬಳಿದು ಪದರಪದರವಾಗಿ ಕೂರಿಸಿ ಒಣಗಿಸುವುದು. ಅದಕ್ಕೆ ಬೆಂಕಿಯೂ ಬೇಡ, ಬೆವರೂ ಬೇಡ. ಹೀಗೆ ಅವನು ಮೊದಲು ನೀರಿನ ತೊಟ್ಟಿಗೆ ತೇಪೆ ಹಾಕಿದ, ಆಮೇಲೆ ಬಸ್ಸಿನ ಸೀಟು ಮಾಡಿದ, ಆಮೇಲೆ ಒಂದು ಮಾವಿನ ಮಂಡಿಯ ಹೆಬ್ಬಾಗಿಲಿಗೆ ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದೊಡ್ಡ ಮಾವಿನ ಹಣ್ಣು ಮಾಡಿ ನಿಲ್ಲಿಸಿದ.

ಆ ಹಣ್ಣು ನನ್ನ ಜೀವನದಲ್ಲಿ ಮಾಡಿದ ಹಾವಳಿಯನ್ನು ಏನೆಂದು ಹೇಳಲಿ! ಮುಳಬಾಗಿಲಿನಿಂದ ಹೋದವರೆಲ್ಲ ಬಂದು ನನ್ನ ಮುಂದೆ ಅದನ್ನೇ ವರ್ಣಿಸುವರು. “ನಾಣಣ್ಣ, ನಿನ್ ಜೊತೆಗಿದ್ನಲ್ಲ ಚಲಪತಿ, ಏನ್ ಕೈ ಅವಂದು! ಕೆನ್ನೆ ಮೇಲೆ ಆ ಕೆಂಪು ನೋಡಬೇಕು, ಕಚ್ಚಿಬಿಡಾಣ ಅನ್ಸುತ್ತೆ” ಎನ್ನುವರು. ನಾನು ಬೆಸೆದ ನೂರಾರು ಫ್ರೇಮುಗಳು ಹಾಲಿನ ಕ್ಯಾನುಗಳನ್ನೂ ಸೊಪ್ಪಿನ ಮೂಟೆಗಳನ್ನೂ ಹೊತ್ತು ದಿನವೂ ಊರು ಸುತ್ತುತ್ತಿದ್ದವು, ಯಾರಿಗೂ ಒಂದನ್ನಾದರೂ ಕಚ್ಚಬೇಕೆನಿಸಲಿಲ್ಲ. ಒಳ್ಳೆಯ ಬೆಸುಗೆಯ ಲಕ್ಷಣವೇ ಅದೃಶ್ಯವಾಗಿರುವುದು. ಒಳ್ಳೆಯ ಮಾವಿನ ಹಣ್ಣಿನದು ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡುವಂತಿರುವುದು. ಈ ಅನ್ಯಾಯವನ್ನು ಯಾವ ನ್ಯಾಯಾಲಯದಲ್ಲಿ ನಿವೇದಿಸುವುದು? ನಾನು ಶ್ರೀನಿವಾಸಪುರಕ್ಕೆ ಹೋಗುವುದನ್ನೇ ಬಿಟ್ಟೆ. ನಮ್ಮ ಮನೆಯಲ್ಲಿ ಮಾವು ಕತ್ತರಿಸಿದಾಗ ವಾಟೆಯ ಬುಡ ಹುಳಿಯೆಂದು ನಾನು ಆಕ್ಷೇಪಿಸತೊಡಗಿದ್ದು ಆ ಕಾಲದಲ್ಲೇ ಎಂದು ನನ್ನ ಹೆಂಡತಿ ರತ್ನಮ್ಮ ಇಂದಿಗೂ ನೆನಪಿಸುತ್ತಾಳೆ.

ಇಷ್ಟೇ ಆಗಿದ್ದರೆ ಅದು ನನ್ನ ಹೊಟ್ಟೆಯ ಖಾಸಗಿ ವ್ಯವಹಾರವಾಗಿ ಉಳಿಯುತ್ತಿತ್ತು. ಆದರೆ ನಮ್ಮ ಮಂಜುಳ ಸೈಕಲ್ ಪಂದ್ಯಕ್ಕೆ ಇಳಿದಳು.

ಮಂಜುಳ ನಮ್ಮ ಒಬ್ಬಳೇ ಮಗಳು. ಚಿಕ್ಕಪ್ಪನ ನಂತರ ನನ್ನದಾದ ಅಂಗಡಿಯ ಬಾಡಿಗೆ ಸೈಕಲ್ಲುಗಳ ಮೇಲೆ ಬೆಳೆದವಳು, ಚೈನಿನ ಎಣ್ಣೆ ಮತ್ತು ತಲೆಯ ಎಣ್ಣೆಗಳ ನಡುವೆ ಬಾಲ್ಯದಲ್ಲಿ ಹೆಚ್ಚು ಭೇದ ಮಾಡಿದವಳಲ್ಲ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಕೃಷ್ಣಮೂರ್ತಿಗಳು ಅವಳು ನಂಗಲಿಯ ಏರನ್ನು ಸೀಟಿನಿಂದ ಏಳದೆ ಹತ್ತುವುದನ್ನು ಕಂಡು ಬೆನ್ನುಹತ್ತಿದರು. ಈ ಮೇಷ್ಟ್ರದ್ದು ತಲೆತಲಾಂತರದ ಪುರೋಹಿತರ ಮನೆತನ. ಅಣ್ಣಂದಿರು ಗಂಟೆ ಬಾರಿಸುತ್ತಿದ್ದರೆ ಇವರು ಸೀಟಿ ಊದುತ್ತಿದ್ದರು, ಎರಡರಲ್ಲೂ ಶ್ರದ್ಧೆ ಒಂದೇ ಬಗೆಯದು. ಎರಡು ಸಾವಿರದ ಮೂರರ ಬೇಸಗೆಯಲ್ಲಿ ಮಾಲೂರಿನಿಂದ ಮಾಸ್ತಿಗೆ ಹೋಗಿ ಬರುವ ರಸ್ತೆಯಲ್ಲಿ ರಾಜ್ಯದ ತಂಡಕ್ಕೆ ಆಯ್ಕೆಯ ಪಂದ್ಯವಿತ್ತು. ಮೊದಲ ನಾಲ್ವರಿಗೆ ತಂಡದಲ್ಲಿ ಜಾಗ. ವಯಸ್ಸಿನ ಲೆಕ್ಕದಲ್ಲಿ ಮಂಜುಳಳಿಗೆ ಅದೇ ಕಡೆಯ ಅವಕಾಶ, ಮುಂದಿನ ವರ್ಷ ಅವಳು ದೊಡ್ಡವರ ಗುಂಪಿಗೆ ಹೋಗುತ್ತಿದ್ದಳು. ಬಿಜಾಪುರ, ಬಾಗಲಕೋಟೆಯ ಕಡೆಯಿಂದ ಬರುವ ಹುಡುಗಿಯರ ಮುಂದೆ ಉಕ್ಕಿನ ಸೈಕಲ್ಲು ಹಿಡಿದು ನಿಲ್ಲುವುದು ಕಷ್ಟವೆಂದು ಮೇಷ್ಟ್ರು ಬೆಂಗಳೂರಿನ ಹಳೆಯ ಸವಾರರೊಬ್ಬರ ಮನೆಯಿಂದ ಒಂದು ಕಾರ್ಬನ್ ಸೈಕಲ್ಲನ್ನು ಎರವಲು ತಂದರು.

ಕಪ್ಪು ಮೈ, ಕಿರುಬೆರಳಿನಲ್ಲಿ ಎತ್ತಬಹುದಾದ ತೂಕ. ನಾನು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಉಕ್ಕು ‘ಟಿಣ್’ ಎಂದು ತನ್ನ ಕುಲಗೋತ್ರ ಹೇಳಿಕೊಳ್ಳುತ್ತದೆ. ಇದು ಎಳೆಯ ಹಲಸಿನಂತೆ ‘ಟೊಕ್’ ಎಂದು ಸುಮ್ಮನಾಯಿತು. ಬೆಸುಗೆಯ ಗುರುತು ಎಲ್ಲೂ ಇಲ್ಲ. ಪೆಡಲಿನ ಅಚ್ಚು ತಿರುಗಲು ಫ್ರೇಮಿನ ತಳದಲ್ಲೊಂದು ಅಲ್ಯೂಮಿನಿಯಂ ಗೂಡು ಕೂರಿಸಿದ್ದರು. ಕಾರ್ಬನ್ನಿನ ಹೊಟ್ಟೆಗೆ ಲೋಹದ ಗೂಡನ್ನು ಹಿಡಿದು ನಿಲ್ಲಿಸಿದ್ದು ಬರೀ ಅಂಟು! ನನ್ನ ಮಗಳ ಭವಿಷ್ಯವೆಲ್ಲ ಲಕೋಟೆ ಅಂಟಿಸುವ ತತ್ತ್ವದ ಮೇಲೆ ನಿಂತಿದೆಯೆಂದು ನನಗೆ ತೀವ್ರ ಅವಮಾನವಾಯಿತು.

ಪಂದ್ಯ ಹತ್ತಿರವಾದಂತೆ ಆ ಸದ್ದು ಶುರುವಾಯಿತು. ಬಲಗಾಲು ತುಳಿದಾಗ ‘ಟಿಕ್’, ಎಡಗಾಲಿಗೆ ಇಲ್ಲ. ಮೇಷ್ಟ್ರು ಪೆಡಲ್ ಎಂದರು, ಮಂಜುಳ ಸೀಟ್ ಎಂದಳು. ನಾನು ರಸ್ತೆಯ ಪಕ್ಕ ಕಣ್ಣು ಮುಚ್ಚಿ ಕುಕ್ಕರುಗಾಲಲ್ಲಿ ಕೂತು ಅವಳನ್ನು ಹಿಂದೆಮುಂದೆ ಓಡಾಡಿಸಿ ತೀರ್ಪು ಕೊಟ್ಟೆ: ಗೂಡು ಬಿಟ್ಟುಕೊಂಡಿದೆ. ಅಚ್ಚು ಬಿಚ್ಚಿ ನೋಡಿದರೆ ನಿಜವೇ. ಗೂಡು ಒಳಗೆ ಕೂದಲೆಳೆಯಷ್ಟು ತಿರುಗುತ್ತಿತ್ತು, ಅಂಚಿನಲ್ಲಿ ಸುಣ್ಣದಂಥ ಬಿಳಿ ಪುಡಿ. ಆ ಕ್ಷಣದ ನನ್ನ ಸಂತೋಷವನ್ನು ಒಬ್ಬ ತಂದೆಯ ಸಂತೋಷವೆಂದು ಕರೆಯಲು ನನಗೇ ಸಂಕೋಚ.

“ಅಪ್ಪ, ಅಂಟಿನ ಕೆಲ್ಸ ಅಲ್ವಾ, ಶ್ರೀನಿವಾಸಪುರದ ಚಲಪತಿ ಮಾಮನ ಹತ್ರ ತಗೊಂಡೋಗಾಣ್ವ? ನಮ್ ಸ್ಕೂಲ್ ಟ್ಯಾಂಕಿಗೆ ತೇಪೆ ಹಾಕೋಕೆ ಬಂದಿದ್ರು, ಒಳ್ಳೆಯವ್ರು” ಎಂದಳು ಮಗಳು.

ಅವನು ನನ್ನ ಊರಿಗೆ ಬಂದು, ನನ್ನ ಮಗಳ ಶಾಲೆಯಲ್ಲಿ ಕೆಲಸ ಮಾಡಿ, ‘ಮಾಮ’ನೂ ಆಗಿ ಹೋಗಿದ್ದಾನೆ!

“ಮಾವಿನಹಣ್ಣು ಮಾಡೋನ್ಗೆ ಸೈಕಲ್ ಏನೇ ಗೊತ್ತು? ನಿಮ್ಮಪ್ಪನ ಕೈಲಿ ಆಗದೆ ಇರೋದು ಮುಳಬಾಗ್ಲಲ್ಲಿ ಇನ್ನೂ ಹುಟ್ಟಿಲ್ಲ” ಎಂದೆ.

ಕೋಲಾರಕ್ಕೆ ಹೋಗಿ ಎರಡು ಟ್ಯೂಬಿನ ಅಂಟು ತಂದೆ. ಕೆಲಸ ಹೇಗೆ ಮಾಡಿದೆನೆಂಬುದನ್ನು ಹೇಳಲೇಬೇಕು, ಏಕೆಂದರೆ ಅದರಲ್ಲಿ ಒಂದೆರಡು ಹಂತ ನಿಜವಾಗಿಯೂ ಚೆನ್ನಾಗಿದ್ದವು. ನಟ್ಟು ತಿರುಗುವಂತೆ ಮರೆ ಕೊರೆದ ಉದ್ದನೆಯ ಸರಳಿಗೆ ಎರಡು ಬಿಲ್ಲೆ ಹಾಕಿ ಬಿಗಿಯುತ್ತ ಹೋದರೆ ಗೂಡು ಕಾರ್ಬನ್ನಿಗೆ ಒಂದು ಗೀರೂ ಆಗದಂತೆ, ಮಗುವಿನ ಬಾಯಿಂದ ಬೆರಳು ಬಂದ ಹಾಗೆ ಹೊರಬಂತು. ಬಿಳಿ ಪುಡಿಯನ್ನೆಲ್ಲ ಕೆರೆದೆ. ಪೆಟ್ರೋಲಿನಲ್ಲಿ ತೊಳೆದೆ, ನಾವು ಏನನ್ನು ತೊಳೆಯುವುದೂ ಪೆಟ್ರೋಲಿನಲ್ಲೇ. ಅಂಟು ಕಲಸಿ ಬಳಿದೆ. ಇನ್ನು ಒಳಗೆ ತಳ್ಳಬೇಕು ಎನ್ನುವಾಗ ಚಿಕ್ಕಪ್ಪನ ನೆನಪಾಯಿತು. ಮಗಳ ಸೈಕಲ್ಲು, ಬೇರೆ ಯಾರದೋ ಸೊಪ್ಪಿನ ಗಾಡಿಗೆ ತೋರಿಸಿದ ಭಕ್ತಿಯನ್ನು ಇದಕ್ಕೆ ತೋರಿಸದಿರಲಾದೀತೆ? ಎಣ್ಣೆಕುಂಕುಮವನ್ನು ಹೆಬ್ಬೆರಳಿಗೆ ಎಂದಿಗಿಂತ ಧಾರಾಳವಾಗಿ ತೆಗೆದು ಕಾರ್ಬನ್ನಿನ ಒಳಮೈಗೆ ನಾಲ್ಕೂ ದಿಕ್ಕಿನಲ್ಲಿ ಇಟ್ಟು, ಕಣ್ಣು ಮುಚ್ಚಿ, ಗೂಡನ್ನು ತಳ್ಳಿ ಕೂರಿಸಿದೆ.

ಒಣಗಿದ ಮೇಲೆ ಅಂಗಡಿಯ ಮುಂದೆ ಓಡಿಸಿದಾಗ ಸದ್ದಿಲ್ಲ. ನಾನು ಮೀಸೆ ತೀಡಿಕೊಂಡು, ಬೇಕಿಲ್ಲದಿದ್ದರೂ ಬೀದಿಯ ಆ ತುದಿಯ ಹೋಟೆಲಿನವರೆಗೆ ನಡೆದು ಹೋಗಿ ಕಾಫಿ ಕುಡಿದು ಬಂದೆ. ಮಂಜುಳ ನಂಗಲಿಯ ಏರಿಗೆ ಹೋದಳು. ತಿರುಗಿ ಬರುವಾಗ ಅವಳು ಬೀದಿಯ ತಿರುವಿನಲ್ಲಿರುವಾಗಲೇ ನನಗೆ ಕೇಳಿಸಿತು: ‘ಟಿಕ್’. ಈಗ ಎಡಗಾಲಿಗೂ. ಅವಳು ಸೈಕಲ್ಲನ್ನು ಗೋಡೆಗೆ ಒರಗಿಸಿ, ಹೆಲ್ಮೆಟ್ ಬಿಚ್ಚಿ ನನ್ನ ಕಡೆ ನೋಡದೆ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಪಂದ್ಯ ಮುಂದಿನ ಭಾನುವಾರ. ರಾತ್ರಿ ಮುದ್ದೆ ಬಡಿಸುತ್ತ ರತ್ನಮ್ಮ ಒಂದೇ ಮಾತು ಹೇಳಿದಳು: “ನಿಮ್ಗೆ ಮಗಳು ಗೆಲ್ಲಬೇಕೋ, ನೀವು ಗೆಲ್ಲಬೇಕೋ, ಅದೊಂದು ತೀರ್ಮಾನ ಮಾಡ್ಕೊಳಿ. ಇಬ್ರಿಗೂ ಒಂದೇ ಸೈಕ್ಲು ಸಾಲಲ್ಲ.”

ಬೆಳಗ್ಗೆ ಶ್ರೀನಿವಾಸಪುರದ ಬಸ್ಸು ಹತ್ತಿದೆವು. ಕಾರ್ಬನ್ ಫ್ರೇಮನ್ನು ಬಸ್ಸಿನ ತಲೆಯ ಮೇಲೆ ಹಾಕಲು ಮನಸ್ಸು ಬಾರದೆ ಚಕ್ರ ಕಳಚಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದ ಅಜ್ಜಿ “ಏನಪ್ಪಾ ಇದು?” ಎಂದರೆ “ಸೈಕಲ್ಲು” ಎಂದೆ. “ಪಾಪ, ಮಿಕ್ಕಿದ್ದೆಲ್ಲ ಏನಾಯ್ತು?” ಎಂದಳು ಆಕೆ. ಮಂಡಿಯ ಮುಂದೆ ಬಸ್ಸು ನಿಧಾನವಾದಾಗ ಆ ಮಹಾಫಲ ಕಿಟಕಿಗೆ ಎದುರಾಯಿತು. ಇಷ್ಟು ವರ್ಷವಾದರೂ ಬಣ್ಣ ಮಾಸಿರಲಿಲ್ಲ. ನಾನು ಇನ್ನೊಂದು ಕಿಟಕಿಯ ಕಡೆ ತಿರುಗಿದೆ, ಮಂಜುಳ ಕತ್ತು ಚಾಚಿ ಅದು ಮರೆಯಾಗುವವರೆಗೂ ನೋಡಿದಳು.

ಚಲಪತಿಯ ಶೆಡ್ಡು ಅಂಟಿನ ಘಾಟು, ಬಿಳಿ ಧೂಳು, ಅರ್ಧ ಮಾಡಿದ ಫೈಬರ್ ಆಕಳುಗಳಿಂದ ತುಂಬಿತ್ತು. ಅವನು ಹೊಟ್ಟೆ ಬೆಳೆಸಿದ್ದ, ಕೂದಲು ಕಳೆದಿದ್ದ, ನಗು ಮಾತ್ರ ಮೊದಲಿನದೇ. “ರಾ ರಾ ನಾಣಿ! ಕೂಚೋ, ಕೂಚೋ! ಏನಮ್ಮಾ ಸೈಕಲ್ ರಾಣಿ, ಅಪ್ಪನ್ನ ಹೆಂಗೆ ಕರ್ಕೊಂಬಂದ್ಯೆ, ಕಟ್ಟಾಕೊಂಡಾ?” ಎಂದ. ನಾನು ಗಾಂಭೀರ್ಯದಿಂದ ವಿಷಯ ವಿವರಿಸಿದೆ. ಅಂದರೆ ಯಾರು ಅಂಟಿಸಿದರು ಎನ್ನುವುದನ್ನು ಬಿಟ್ಟು ಉಳಿದುದನ್ನೆಲ್ಲ.

ಅವನು ಗೂಡನ್ನು ಕೈಯಿಂದ ತಿರುಗಿಸಿದ. ಅದು ಪ್ರತಿಭಟಿಸದೆ ಹೊರಬಂತು. ಒಳಗಿನ ಕೆಂಪು ನೋಡಿ ಮೊದಲು ಗಾಬರಿಯಾದ, ಮೂಸಿ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ಅರ್ಧ ಆಕಳಿಗೆ ಒರಗಿ ನಕ್ಕ.

“ಏನ್ಲಾ ನಾಣಿ! ಅಂಟಿಸೋಕೆ ಕೊಟ್ರೆ ಅರಿಶಿನ ಕುಂಕುಮ ಕೊಟ್ಟು ಕಳಿಸ್ಬಿಟ್ಟಿದ್ದೀಯಲ್ಲೋ ಈ ಸೈಕ್ಲಮ್ಮನ್ನ! ಎಣ್ಣೆ ಬೇರೆ! ಎಲೆ ಅಡಿಕೆ ಯಾಕೆ ಇಡ್ಲಿಲ್ಲ?”

“ಚಿಕ್ಕಪ್ಪನ ಕಾಲದಿಂದ ಇಡ್ತಿದ್ದೀನಿ, ಒಂದು ಕೀಲೂ ಬಿಟ್ಟಿಲ್ಲ” ಎಂದೆ.

“ಬೆಂಕಿ ಕಣೋ ಅದು. ಕುಂಕುಮನೂ ಸುಡುತ್ತೆ, ಎಣ್ಣೆನೂ ಸುಡುತ್ತೆ, ನಿನ್ ಭಕ್ತೀನೂ ಸುಟ್ಟು ಆಮೇಲೆ ಹಿತ್ತಾಳೆ ಹಿಡಿಯುತ್ತೆ. ಅಂಟಿಗೆ ಅಷ್ಟು ಸಿಟ್ಟಿಲ್ಲ. ನೀನು ಏನಿಟ್ಯೋ ಅದನ್ನೇ ಹಿಡ್ಕೊಂಡು ಕೂತಿರ್ತದೆ. ಇದು ಗೂಡನ್ನ ಹಿಡೀಲಿಲ್ಲ, ನಿನ್ ಕುಂಕುಮನ್ನ ಹಿಡಿದಿದೆ.”

ಮಂಜುಳ ನಕ್ಕಳು. ಸಣ್ಣ ನಗುವೇ, ಕೈ ಅಡ್ಡವೂ ಹಿಡಿದಿದ್ದಳು. ಆದರೂ ನನ್ನ ಕಿವಿ ಎಂಥದೆಂದು ನಿಮಗೆ ಮೊದಲೇ ಹೇಳಿದ್ದೇನೆ.

ಆಮೇಲೆ ನಡೆದದ್ದನ್ನು ನಾನು ಮರದ ಪೆಟ್ಟಿಗೆಯ ಮೇಲೆ ಕೂತು ನೋಡಿದೆ. ಹಳೆಯ ಅಂಟನ್ನೆಲ್ಲ ಅವನು ಉಜ್ಜಿ ತೆಗೆದ. ನನ್ನ ಹಾಗೆ ಪೆಟ್ರೋಲನ್ನು ಮುಟ್ಟಲಿಲ್ಲ, ಅದೂ ಒಂದು ತೆಳು ಜಿಡ್ಡು ಬಿಟ್ಟು ಹೋಗುತ್ತದಂತೆ. ಮೂಗಿಗೆ ರಾಚುವ ಬೇರೊಂದು ದ್ರವದಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿದ, ಒರೆಸಿದ ಬಟ್ಟೆಯನ್ನು ಮತ್ತೆ ಉಪಯೋಗಿಸಲಿಲ್ಲ. ಆಮೇಲೆ ಗೂಡಿನ ಮೇಲೆ ಒಂದು ಚಮಚ ನೀರು ಸುರಿದ. ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿತು. “ನೋಡಮ್ಮ, ಇನ್ನೂ ಅಪ್ಪ ಇದ್ದಾರೆ ಇದ್ರ ಮೇಲೆ” ಎಂದು ಮತ್ತೆ ಒರೆಸಿದ. ಮತ್ತೆ ನೀರು; ಈ ಸಲ ಹನಿ ಒಡೆದು, ಚಾಪೆ ಹಾಸಿದ ಹಾಗೆ ಮೈತುಂಬ ಹರಡಿತು. “ಈಗ ಶುದ್ಧ. ಇನ್ಮೇಲೆ ಬೆರಳು ಮುಟ್ಟಂಗಿಲ್ಲ, ಯಾರ ಬೆರಳೂ” ಎಂದು ನನ್ನ ಹೆಬ್ಬೆರಳನ್ನೇ ನೋಡಿದ. ನಾನು ಅದನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೆ. ನಮ್ಮ ಊರಿನ ಮಡಿವಂತರ ಅಡುಗೆಮನೆಯಲ್ಲೂ ನನ್ನನ್ನು ಯಾರೂ ಇಷ್ಟು ದೂರ ನಿಲ್ಲಿಸಿರಲಿಲ್ಲ.

ನೀರಾರಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಗಾಳಿಗೆ ಹೊತ್ತು ಕೊಡದೆ ಅಂಟು ಸವರಿದ. ಅಲ್ಯೂಮಿನಿಯಂ ಕೆರೆದ ಕೂಡಲೇ ಮತ್ತೆ ಚರ್ಮ ಕಟ್ಟಿಕೊಳ್ಳುತ್ತದೆಂದು ಹೇಳಿದ. ಅದರ ಸುತ್ತ ಸೊಳ್ಳೆಪರದೆಗಿಂತ ತೆಳುವಾದ ಗಾಜಿನ ಬಟ್ಟೆಯ ಒಂದು ಸುತ್ತು. “ಇದು ಯಾಕೆ ಮಾಮ?” ಎಂದಳು ಮಗಳು. “ಕಾರ್ಬನ್ನು, ಅಲ್ಯೂಮಿನಿಯಂ, ಇಬ್ರೂ ಒಳ್ಳೆಯವ್ರೇ ಕಣಮ್ಮ. ಆದ್ರೆ ಮೈಗೆ ಮೈ ತಾಗ್ಬಾರ್ದು. ನಿನ್ ಬೆವರು ಒಳಗೆ ಇಳೀತು ಅಂದ್ರೆ ಇವನು ಅವನ್ನ ತಿಂತಾನೆ, ಬಿಳಿ ಪುಡಿ ಬರೋದು ಅದ್ಕೇ. ನಡುವೆ ಒಂದು ಗಾಜು ಇದ್ರೆ ಇಬ್ರೂ ತೆಪ್ಪಗಿರ್ತಾರೆ.”

ಅವಳು ಕೇಳಿದ ಪ್ರಶ್ನೆಗಳೇ! ಅಂಟು ಎಷ್ಟು ದಪ್ಪ ಇರಬೇಕು ಮಾಮ, ಬಿಸಿಲಿಗೆ ಮೆತ್ತಗಾಗಲ್ವಾ ಮಾಮ, ಮಾವಿನ ಹಣ್ಣಿಗೆ ಆ ಕೆಂಪು ಹೇಗೆ ತಂದ್ರಿ ಮಾಮ. ಅಲ್ಲ, ಹದಿನೇಳು ವರ್ಷ ನನ್ನ ಬೆಸುಗೆಯ ಬೆಳಕಿನಲ್ಲೇ ಬೆಳೆದವಳು ಆ ವಿದ್ಯೆಯ ಬಗ್ಗೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪ, ಯಾವಾಗ ಮುಗಿಯುತ್ತೆ?” ಅಸೂಯೆಯ ವಿಚಾರದಲ್ಲಿ ನಾನು ಅನುಭವಸ್ಥನೆಂದು ತಿಳಿದಿದ್ದೆ. ಆ ಪೆಟ್ಟಿಗೆಯ ಮೇಲೆ ಕೂತಾಗ ಗೊತ್ತಾಯಿತು, ಒಬ್ಬನ ಹೆಸರಿಗೆ ಪಡುವ ಹೊಟ್ಟೆಕಿಚ್ಚು ಬರೀ ಕಿಡಿ. ನಮ್ಮ ಮಗಳ ಕಣ್ಣಿನ ಬೆಳಕು ಇನ್ನೊಬ್ಬನ ಕಡೆ ತಿರುಗಿದಾಗ ಏಳುತ್ತದಲ್ಲ, ಅದು ಜ್ವಾಲೆ.

ಗೂಡನ್ನು ಕೂರಿಸಿದ ಮೇಲೆ ಚಲಪತಿ ಅದರೊಳಗೆ ಒಂದು ಉದ್ದ ಸರಳು ತೂರಿಸಿ, “ನಾಣಿ, ಇದು ಒಂದು ಎಳೆ ವಾಲಿದ್ರೂ ಪೆಡಲ್ ಸೊಟ್ಟ. ನೀನೇ ಹಿಡ್ಕೊ. ಗಟ್ಟಿ ಆಗೋವರ್ಗೂ ಅಲ್ಲಾಡಂಗಿಲ್ಲ, ನಿನ್ ಕಣ್ಣು ನನಗಿಲ್ಲ” ಎಂದ. ಎರಡೂ ಕೈಯಲ್ಲಿ ಸರಳು ಹಿಡಿದು ನಿಂತೆ. ಪಕ್ಕದಲ್ಲಿ ಕಾವಿಗೆಂದು ಒಂದು ದೊಡ್ಡ ಬಲ್ಬು ಹಚ್ಚಿದ. ಬೆಂಕಿಯ ಬದಲು ಬಲ್ಬು, ಸುತ್ತಿಗೆಯ ಬದಲು ಸುಮ್ಮನಿರುವುದು. ಮೂಗು ತುರಿಸಿತು, ಸಹಿಸಿದೆ. ಅವರಿಬ್ಬರೂ ಟೀ ಕುಡಿದರು, ನನಗೆ ಮಂಜುಳ ಲೋಟ ಬಾಯಿಗೆ ಹಿಡಿದು ಕುಡಿಸಿದಳು. ಜೀವಮಾನದಲ್ಲಿ ಏನೂ ಮಾಡದೆ ನಾನು ಮಾಡಿದ ಕಷ್ಟದ ಕೆಲಸ ಅದೊಂದೇ.

ಹಾಗೆ ನಿಂತು, ನಿಂತ ಕಾಲಿನ ನೋವು ಮರೆಯಲೆಂದು, ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಮಾತನ್ನು ಕೇಳಿಬಿಟ್ಟೆ. “ಅಲ್ವೋ ಚಲಪತಿ, ಚಿಕ್ಕಪ್ಪ ನನ್ ಕೈಗೆ ಜ್ವಾಲೆ ಕೊಟ್ಟ, ನಿನ್ನ ಕೈಗೆ ಪಂಪು ಕೊಟ್ಟ. ಅದ್ಕೇ ತಾನೇ ನೀನು ಬಿಟ್ಟುಹೋಗಿದ್ದು? ನನ್ ಮೇಲೆ ಜಿದ್ದಿಗೆ ತಾನೇ ಆ ಹಣ್ಣು ಮಾಡಿದ್ದು?”

ಅವನು ಬಿಸ್ಕತ್ತು ಅದ್ದುತ್ತಿದ್ದವನು ತಲೆಯೆತ್ತಿ ನಿಜವಾಗಿಯೂ ಯೋಚಿಸಿದ. “ನೀನು ಆಗ ಅಲ್ಲೇ ಇದ್ಯಾ? ಊರಲ್ಲಿ ನೋಡಿದ್ದು ನೆನಪು, ಅಂಗಡಿಗೆ ನಾನು ಬಿಟ್ಮೇಲೆ ಸೇರಿದ್ಯೇನೋ ಅನ್ಕೊಂಡಿದ್ದೆ” ಎಂದ.

ಬಿಸ್ಕತ್ತು ಟೀಯೊಳಗೆ ಮುರಿದು ಬಿತ್ತು. ಅವನು ಅದನ್ನು ಎತ್ತಲು ಚಮಚ ಹುಡುಕಿಕೊಂಡು ಹೋದ.

ಓದುಗರೇ, ಮೂವತ್ತು ವರ್ಷ ಒಂದು ಪಂದ್ಯ ಓಡಿ, ಎದುರಾಳಿ ಹಿಂದಿದ್ದಾನೋ ಮುಂದಿದ್ದಾನೋ ಎಂದು ಕತ್ತು ಉಳುಕುವಷ್ಟು ತಿರುಗಿ ತಿರುಗಿ ನೋಡಿ, ಕಡೆಗೆ ಆ ಎದುರಾಳಿ ಹೊರಟೇ ಇರಲಿಲ್ಲ, ಎಲ್ಲೋ ಮರದ ನೆರಳಲ್ಲಿ ಹಣ್ಣು ತಿನ್ನುತ್ತಿದ್ದ ಎಂದು ಗೊತ್ತಾದರೆ ಹೇಗಿರುತ್ತದೆ? ದ್ವೇಷಿಸಿದ್ದರೆ ಗೌರವವಾದರೂ ಉಳಿಯುತ್ತಿತ್ತು. ಸರಳು ಹಿಡಿದಂತೆಯೇ ಅವನ ಹಿಂದೆ ಒಂದು ಹೆಜ್ಜೆ ಇಡಲು ಹೋದೆ. “ಅಲ್ಲಾಡ್ಬೇಡ ಅಪ್ಪ!” ಎಂದಳು ಮಂಜುಳ. ಅಲ್ಲಾಡಲಿಲ್ಲ.

ಭಾನುವಾರ ಮಾಲೂರಿನ ಹೊರವಲಯದ ಏರಿನಲ್ಲಿ ನಿಂತಿದ್ದೆ. ಏರಿನ ತುದಿಯಲ್ಲೇ ಗುರಿಯ ಗೆರೆ, ಅಲ್ಲಿ ಕೃಷ್ಣಮೂರ್ತಿ ಮೇಷ್ಟ್ರು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದದೆ ಓಡಾಡುತ್ತಿದ್ದರು. ಚಲಪತಿ ಕರೆಯದೆ ಬಂದಿದ್ದ, ಮೊಪೆಡ್ಡಿನ ಮುಂದೆ ಒಂದು ಚೀಲ ಮಾವಿನ ಹಣ್ಣು. “ಇವು ನಿಜವಾದ್ವೇ, ತಿನ್ನು” ಎಂದು ಒಂದನ್ನು ಕೊಟ್ಟ. ಕಾಯುವ ಬೇಸರಕ್ಕೆ ಮಾತಾಡುತ್ತ, “ಅವತ್ತು ಕೈ ನೋವು ಬಂತಾ? ಕ್ಲಾಂಪು ಇತ್ತು ಕಣೋ ಒಳಗೆ. ಹಾಕಿದ್ರೆ ಸಾಕಾಗಿತ್ತು” ಎಂದ.

“ಮತ್ತೆ ನನ್ಯಾಕೆ ನಿಲ್ಲಿಸ್ದೆ?”

“ಸುಮ್ನೆ ಬಿಟ್ರೆ ನೀನು ಬೆರಳಿಡದೆ ಇರ್ತಿದ್ಯಾ? ಆಮೇಲೆ, ಮಗಳ ಸೈಕ್ಲು. ಅಪ್ಪ ಹಿಡ್ಕೊಂಡಿದ್ದ ಅಂತ ಅವಳಿಗಿರ್ಲಿ.”

ಹಣ್ಣನ್ನು ಅವನ ತಲೆಗೆ ಎಸೆಯುವುದೋ ತಿನ್ನುವುದೋ ತಿಳಿಯದೆ ಕೈಯಲ್ಲಿ ಹಿಡಿದು ನಿಂತಿರುವಾಗ ಮಾಸ್ತಿಯ ಕಡೆಯಿಂದ ಅವರು ಕಾಣಿಸಿಕೊಂಡರು. ಮುಂದೆ ಬಿಜಾಪುರದ ಕಡೆಯ ಇಬ್ಬರು, ಅವರ ಹಿಂದೆ ಒಂದು ಗುಂಪು, ಗುಂಪಿನಲ್ಲಿ ನಮ್ಮವಳು. ಏರು ಶುರುವಾಯಿತು. ಉಳಿದವರು ಸೀಟಿನಿಂದ ಎದ್ದರು, ಇವಳು ಏಳಲಿಲ್ಲ. ನಾನು ಕಣ್ಣು ಮುಚ್ಚಿದೆ. ಓಡುವ ಮಗಳನ್ನು ನೋಡಬೇಕಾದ ಹೊತ್ತಿನಲ್ಲಿ ಕಣ್ಣು ಮುಚ್ಚಿದ ತಂದೆ ಆ ರಸ್ತೆಯಲ್ಲಿ ನಾನೊಬ್ಬನೇ ಇರಬೇಕು. ಒಬ್ಬಳ ಚೈನು ಒಣಗಿತ್ತು. ಒಬ್ಬಳ ಹಿಂದಿನ ಗಾಲಿ ಬ್ರೇಕಿಗೆ ಸವರುತ್ತಿತ್ತು. ಒಬ್ಬಳ ಸೀಟು ನರಳುತ್ತಿತ್ತು. ಇವೆಲ್ಲದರ ನಡುವೆ ಒಂದು ಸೈಕಲ್ಲು ಉಸಿರಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲದೆ ನನ್ನ ಎದುರಿನಿಂದ ಹಾದುಹೋಯಿತು. ಬಲಗಾಲಿಗೆ ಇಲ್ಲ, ಎಡಗಾಲಿಗೆ ಇಲ್ಲ. ನನ್ನ ಯಾವ ಬೆಸುಗೆಯೂ ಅಷ್ಟು ಮೌನವಾಗಿರಲಿಲ್ಲವೆಂದು ನನಗೆ ಗೊತ್ತು, ಯಾಕೆಂದರೆ ಅವನ್ನೆಲ್ಲ ಕೇಳಿದವನು ನಾನೇ. ಆ ಮೌನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಅದು ನಮ್ಮ ಮಂಜುಳಳ ಮೌನವಾಗಿದ್ದರಿಂದ, ಬೇಡ ಬೇಡವೆಂದರೂ ಕಣ್ಣಲ್ಲಿ ನೀರು ಬಂತು. ಮೇಷ್ಟ್ರ ಸೀಟಿ ಕೇಳಿ ಕಣ್ಣು ಬಿಟ್ಟೆ. ಮೂರನೆಯವಳು.

ಇಬ್ಬರೂ ಏರು ಹತ್ತಿ ಓಡಿದೆವು. ಹೊಟ್ಟೆ ಇದ್ದರೂ ಅವನೇ ಮುಂದೆ. ಅವಳು ಸೈಕಲ್ಲು ನಿಲ್ಲಿಸಿ, ಪೆಡಲಿನ ಪಟ್ಟಿಯಿಂದ ಕಾಲು ಬಿಡಿಸಿಕೊಳ್ಳಲಾಗದೆ ಓಲಾಡುತ್ತಿದ್ದಳು. ಹ್ಯಾಂಡಲನ್ನು ಚಲಪತಿಯ ಕೈಗೆ ಕೊಟ್ಟಳು. ನನ್ನ ಎದೆ ಒಮ್ಮೆ ಹಳೆಯ ಅಭ್ಯಾಸದಂತೆ ‘ಟಿಕ್’ ಎಂದಿತು. ಆಮೇಲೆ ಅವಳು ಕೈ ಚಾಚಿ, ನೋಡದೆಯೇ, ನನ್ನ ತಲೆಯನ್ನು ಗಟ್ಟಿಯಾಗಿ ಹಿಡಿದು, ತನ್ನ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು ಕೆಳಗಿಳಿದಳು.

“ಅಪ್ಪಾ, ಎಷ್ಟು ಎಣ್ಣೆ ಹಚ್ಕೊಂಡಿದ್ದೀಯಾ!” ಎಂದು ಕೈಯನ್ನು ನನ್ನ ಅಂಗಿಗೇ ಒರೆಸಿದಳು.

ಇದಾಗಿ ಕೆಲವು ವರ್ಷಗಳಾದವು. ಮಂಜುಳ ರಾಜ್ಯದ ಪರ ಓಡಿದಳು, ಒಂದು ಸಲ ಬಿದ್ದಳು, ಒಂದು ಸಲ ಗೆದ್ದಳು, ಈಗ ಕೋಲಾರದ ಹತ್ತಿರದ ಹೈಸ್ಕೂಲೊಂದರಲ್ಲಿ ಸೀಟಿ ಊದುತ್ತಾಳೆ. ಆ ಸೈಕಲ್ಲನ್ನು ಮಾಲೀಕರು ಅವಳಿಗೇ ಬಿಟ್ಟುಕೊಟ್ಟರು, ಅದು ನನ್ನ ಅಂಗಡಿಯ ಗೋಡೆಯ ಮೇಲಿದೆ. ಅಂಗಡಿಗೆ ಬರುವವರು ನನ್ನ ಬೆಸುಗೆಗಳನ್ನು ಬಿಟ್ಟು ಅದನ್ನೇ ತಟ್ಟಿ ನೋಡುತ್ತಾರೆ. “ಇದನ್ನ ಅಂಟಿಸಿದ್ದು ಯಾರು?” ಎಂದು ಕೇಳಿದರೆ ನಾನು “ನಾನು ಹಿಡ್ಕೊಂಡಿದ್ದೆ” ಎಂದು ಹೇಳುತ್ತೇನೆ. ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ, ಆದರೂ ನಿಜ. ಕುಂಕುಮವನ್ನು ಈಗಲೂ ಇಡುತ್ತೇನೆ. ಬೆಂಕಿಯ ಕೆಲಸಕ್ಕೆ ಒಳಗೆ, ಅಂಟಿನ ಕೆಲಸಕ್ಕೆ ಹೊರಗೆ.

ನಾನು ಓದು ಬಿಟ್ಟ ಶಾಲೆ ಹಳೆಯ ಪೀಠೋಪಕರಣಗಳನ್ನು ತೆಗೆದುಹಾಕಿದಾಗ ಒಂದು ಬೆಂಚು ತಂದು ಅಂಗಡಿಯಲ್ಲಿ ಹಾಕಿಕೊಂಡೆ. ನನ್ನ ಆ ಟ್ಯೂಬಿನ ಚೂರು ಅದರಲ್ಲಿಲ್ಲ, ಹಾಗಾಗಿ ಅದೇ ಬೆಂಚೆಂದು ಪ್ರಮಾಣ ಮಾಡಲಾರೆ. ಯಾರಾದರೂ ಕೂತರೆ ‘ಕಿರ್ರ್’ ಎನ್ನುತ್ತದೆ. ಸದ್ದಿನಿಂದಲೇ ಕೂತವರು ಯಾರೆಂದು ಹೇಳಬಲ್ಲೆ. ಚಲಪತಿ ಮುಳಬಾಗಿಲಿಗೆ ಬಂದಾಗಲೆಲ್ಲ ಅದರ ಮೇಲೆ ಕೂರುತ್ತಾನೆ, ಆಗ ಅದು ಅತಿ ಜೋರಾಗಿ ಕೂಗುತ್ತದೆ. “ಸರಿ ಮಾಡ್ಬಾರ್ದೇನ್ಲಾ, ಒಂದು ತೊಟ್ಟು ಅಂಟು ಸಾಕು” ಎನ್ನುತ್ತಾನೆ. ನಾನು ಮಾಡಿಲ್ಲ.

ಈಗ ನನ್ನ ಬಳಿ ಇರುವುದು: ಅಂಗಡಿ ಒಂದು, ಬೆಸುಗೆಯ ಜ್ವಾಲೆ ಒಂದು, ಎರಡು ಟ್ಯೂಬು ಅಂಟು, ಗೋಡೆಯ ಮೇಲೆ ಸದ್ದಿಲ್ಲದ ಸೈಕಲ್ಲು ಒಂದು, ಹೆಂಡತಿ ಒಬ್ಬಳು, ಮಗಳು ಒಬ್ಬಳು, ಸ್ನೇಹಿತ ಒಬ್ಬ, ಹೊಟ್ಟೆಕಿಚ್ಚು ಒಂದು, ಕಿರುಗುಟ್ಟುವ ಬೆಂಚು ಒಂದು.